ಮೂವತ್ತಾರು ದಿನದ ಹಾಡು

ಬ್ರೆಜಿಲ್‌ನ ದಕ್ಷಿಣ ತುದಿಯ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದಲ್ಲಿ ಇಟಲಿ ಮೂಲದವರ ಕೂಟ ಸೇರಿದರೆ, ವೈನ್ ಒಂದು ಸುತ್ತು ಬರುವುದರೊಳಗೆ ಒಂದು ಹಾಡು ಏಳುತ್ತದೆ. ಹೆಸರು ‘ಮೆರಿಕಾ, ಮೆರಿಕಾ’. ಅಮೆರಿಕಾದ ತಲೆಯಕ್ಷರ ನಾಲಿಗೆಯಲ್ಲಿ ಸವೆದು ಮೆರಿಕಾ ಆಗಿದೆ. ಮೊದಲ ನುಡಿ ಹೇಳುವುದಿಷ್ಟು: ಮರ್ಯಾದೆಯಿಂದ ಇಟಲಿ ಬಿಟ್ಟೆವು, ಯಂತ್ರ ಮತ್ತು ಹಬೆಯ ಬಲದಲ್ಲಿ 36 ದಿನ ಸಾಗಿ ಬಂದು ತಲುಪಿದೆವು. ಎರಡನೆಯದು: ತಲುಪಿದ ಮೇಲೆ ಮಲಗಲು ಹುಲ್ಲಿಲ್ಲ, ಒಣಮೇವೂ ಇಲ್ಲ, ಬರಿನೆಲದ ಮೇಲೆ ದನಗಳ ಹಾಗೆ ಒರಗಿದೆವು. ಮೂರನೆಯದು: ಈ ನಾಡು ಉದ್ದವೂ ಇದೆ, ಅಗಲವೂ ಇದೆ, ನಮ್ಮವರ ದುಡಿಮೆಯಿಂದ ಊರು, ಪಟ್ಟಣ ಎದ್ದವು. ನಡುನಡುವೆ ಬರುವ ಪಲ್ಲವಿ ಮಾತ್ರ ಒಂದು ಪ್ರಶ್ನೆ: ಏನಿರಬಹುದು ಈ ಮೆರಿಕಾ? ಉತ್ತರ: ಚೆಂದದೊಂದು ಹೂವಿನ ಗೊಂಚಲು.

ಆಂಜೆಲೊ ಜುಸ್ತಿ ಎಂಬ ವಲಸಿಗ ಕಟ್ಟಿದ್ದೆಂದು ಹೇಳುವ ಈ ಹಾಡನ್ನು 2005ರಲ್ಲಿ ಆ ರಾಜ್ಯ ಇಟಾಲಿಯನ್ ವಸಾಹತಿನ ಅಧಿಕೃತ ಗೀತೆ ಮಾಡಿತು. ಹಾಡನ್ನು ಇನ್ನೊಮ್ಮೆ ಓದಿ ನೋಡಿ. ಬಿಟ್ಟುಬಂದ ಊರಿನ ಹೆಸರಿಲ್ಲ, ಅಮ್ಮನ ನೆನಪಿಲ್ಲ, ಕಣ್ಣೀರಿಲ್ಲ. ಎಷ್ಟು ದಿನ ಹಿಡಿಯಿತು, ಮಲಗಲು ಹಾಸಿಗೆ ಏನು ಸಿಕ್ಕಿತು ಎಂಬ ಲೆಕ್ಕವಿದೆ. ಇದರ ದಾಯಾದಿ ಹಾಡೊಂದರಲ್ಲಿ 36 ದಿನದ ಜಾಗದಲ್ಲಿ 30 ಇದೆ, ಲೆಕ್ಕ ಮಾತ್ರ ಅಲ್ಲೂ ತಪ್ಪಿಲ್ಲ. ವಲಸೆಯ ಹಾಡು ಅಂದರೆ ತೌರಿನ ಹಂಬಲ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಇಟಲಿಯವರ ಮಟ್ಟಿಗೆ ಆ ಹಂಬಲವನ್ನು ಬರೆದವರು ಯಾರು ಎಂದು ಕೆದಕಿದರೆ ಸಿಗುವ ಉತ್ತರ ಸ್ವಲ್ಪ ತಿರುವುಮುರುವಾಗಿದೆ.

ಮೊದಲು ಇವರು ಯಾರು ಎಂಬುದು. 1875ರಲ್ಲಿ ಬಂದವರು ಈಗಿನ ಗರಿಬಾಲ್ಡಿ, ಬೆಂಟೊ ಗೊನ್ಸಾಲ್ವಿಸ್, ಕಶಿಯಾಸ್ ಡೊ ಸುಲ್ ಪಟ್ಟಣಗಳ ಜಾಗದಲ್ಲಿ ಕಾಡು ಕಡಿದು ನೆಲೆನಿಂತರು. ಹೆಚ್ಚಿನವರು ಉತ್ತರ ಇಟಲಿಯ ವೆನೆತೊ ಸೀಮೆಯವರು. ಆ ಸೀಮೆ ಇಟಲಿಗೆ ಸೇರಿದ್ದೇ 1866ರಲ್ಲಿ, ಅಂದರೆ ಹಡಗು ಹತ್ತುವ ಹೊತ್ತಿಗೆ ಅವರು ‘ಇಟಲಿಯವರು’ ಆಗಿ ಬರೀ ಒಂಬತ್ತು ವರ್ಷ. ಜೊತೆಗೆ ಬಂದ ತ್ರೆಂತೊದವರ ಕಾಗದಪತ್ರದಲ್ಲಿ ಇದ್ದದ್ದು ಆಸ್ಟ್ರಿಯಾ. ಅವರ ಮನೆಮಾತು ಇಟಾಲಿಯನ್ ಅಲ್ಲ, ಊರೂರಿನ ಆಡುನುಡಿ. ಊರ ಚರ್ಚಿನ ಗಂಟೆಗೋಪುರಕ್ಕೆ ಅಲ್ಲಿ ‘ಕಂಪನೀಲೆ’ ಎನ್ನುತ್ತಾರೆ. ತನ್ನೂರೇ ಊರು ಎಂಬ ಅಭಿಮಾನಕ್ಕೆ ‘ಕಂಪನಿಲಿಸ್ಮೊ’ ಎಂಬ ಪದ ಹುಟ್ಟಿದ್ದು ಅದರಿಂದಲೇ. ಗಂಟೆಯ ದನಿ ಕೇಳುವಷ್ಟು ದೂರವೇ ದೇಶ. ವಿಚೆಂಜಾದವರು, ಬೆಲ್ಲೂನೊದವರು, ತ್ರೆವಿಸೊದವರು ಬ್ರೆಜಿಲ್‌ನ ಕಾಡಿನಲ್ಲಿ ಅಕ್ಕಪಕ್ಕದ ಜಮೀನಿನವರಾದ ಮೇಲೆ ಅವರ ಆಡುನುಡಿಗಳು ಒಂದರೊಳಗೊಂದು ಕಲೆತವು, ಪೋರ್ಚುಗೀಸ್ ಪದಗಳೂ ಸೇರಿದವು. ಹಾಗೆ ಹುಟ್ಟಿದ ಭಾಷೆಗೆ ‘ತಾಲಿಯಾನ್’ ಎಂದು ಹೆಸರು. ಇಟಲಿಯಲ್ಲಿ ಎಲ್ಲೂ ಇಲ್ಲದ ‘ಇಟಾಲಿಯನ್’ ಅದು.

ಹಾಡಿನ ಕೂಟಕ್ಕೆ ‘ಫಿಲೊ’ ಎನ್ನುತ್ತಿದ್ದರು. ವೆನೆತೊದಲ್ಲಿ ಅದು ಕೊಟ್ಟಿಗೆಯ ವ್ಯವಹಾರ. ಚಳಿಗಾಲದ ರಾತ್ರಿ ಸೌದೆ ಸುಡಲು ಗತಿಯಿಲ್ಲದವರು ದನದ ಉಸಿರಿನ ಬೆಚ್ಚಗೆಯಲ್ಲಿ ಕೂತು ನೂಲುತ್ತಿದ್ದರು, ಕತೆ ಹೇಳುತ್ತಿದ್ದರು, ಜಪಮಾಲೆ ಎಣಿಸುತ್ತಿದ್ದರು. ಬ್ರೆಜಿಲ್‌ನಲ್ಲಿ ಸೌದೆಗೆ ಬರವಿಲ್ಲ, ಆದ್ದರಿಂದ ಫಿಲೊ ಅಡುಗೆಮನೆಗೆ ಬಂತು. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಮಲಗುವ ಮನೆಯಿಂದ ಬೇರೆಯಾಗಿಯೇ ಕಟ್ಟುತ್ತಿದ್ದರು. ಅಲ್ಲಿ ಅರೌಕೇರಿಯಾ ಮರದ ಬೀಜ ಸುಟ್ಟು ತಿನ್ನುತ್ತ, ಹೆಂಗಸರು ಟೋಪಿಗೆಂದು ಗೋಧಿಹುಲ್ಲಿನ ಜಡೆ ಹೆಣೆಯುತ್ತ, ಗಂಡಸರು ಇಸ್ಪೀಟು ಹಾಕುತ್ತ ಅಥವಾ ಬೆರಳು ಚಾಚಿ ಸಂಖ್ಯೆ ಕೂಗುವ ‘ಮೋರಾ’ ಆಡುತ್ತ ಇರುವಾಗ ಯಾರೋ ಸೊಲ್ಲು ಎತ್ತುತ್ತಿದ್ದರು.

ಸೊಲ್ಲು ಎತ್ತುವವರು ‘ಪ್ರಿಮೊ’. ಎರಡು ಮೂರು ಪದ ಅವರದೊಬ್ಬರದೇ ದನಿ. ಅಷ್ಟರೊಳಗೆ ಉಳಿದವರಿಗೆ ಯಾವ ಹಾಡು, ಯಾವ ಶ್ರುತಿ, ಎಷ್ಟು ನಿಧಾನ ಎಂಬ ಮೂರೂ ಗೊತ್ತಾಗಿಬಿಡಬೇಕು. ಆಮೇಲೆ ‘ಸೆಕೊಂದೊ’ ಕೂಡುತ್ತದೆ. ಅದೇ ಮಟ್ಟು, ಆದರೆ ಮೂರನೇ ಸ್ವರದಿಂದ. ಪ್ರಿಮೊ ಷಡ್ಜದಲ್ಲಿದ್ದರೆ ಸೆಕೊಂದೊ ಗಾಂಧಾರದಲ್ಲಿ, ಪ್ರಿಮೊ ಗಾಂಧಾರಕ್ಕೆ ಏರಿದರೆ ಸೆಕೊಂದೊ ಪಂಚಮಕ್ಕೆ. ಕೆಲವರು ಮೇಲಿನಿಂದ ಹಿಡಿಯುತ್ತಾರೆ, ಕೆಲವರು ಕೆಳಗಿನಿಂದ. ಎಲ್ಲಕ್ಕೂ ತಳದಲ್ಲಿ ‘ಬಾಸ್ಸೊ’, ಅಂದರೆ ಮಂದ್ರದ ದನಿ. ಅದು ಬಹುಪಾಲು ಷಡ್ಜ, ಪಂಚಮ ಎರಡರಲ್ಲೇ ಓಡಾಡುತ್ತ ನಿಂತಿರುತ್ತದೆ, ತಂಬೂರಿಯ ಹಾಗೆ. ಸಾಲಿನ ಕೊನೆಯ ಸ್ವರವನ್ನು ಎಲ್ಲರೂ ಎಳೆದು ಹಿಡಿಯುತ್ತಾರೆ. ತಾಳ ಎಣಿಸಿ ಬಿಡುವುದಿಲ್ಲ, ಪ್ರಿಮೊ ಮುಂದಿನ ಸಾಲಿಗೆ ಉಸಿರು ಎಳೆದುಕೊಂಡದ್ದು ಕೇಳಿದಾಗ ಬಿಡುತ್ತಾರೆ.

ಕೆಡುವುದು ಸಾಮಾನ್ಯವಾಗಿ ಶುರುವಿನಲ್ಲೇ. ಪ್ರಿಮೊ ತನ್ನ ಗಂಟಲಿಗೆ ಹಿತವಾದ ಶ್ರುತಿ ಹಿಡಿದರೆ ಸಾಲದು, ತನ್ನ ಮೇಲೆ ಇನ್ನೊಂದು ದನಿ ಕೂರಬೇಕು ಎಂಬ ಅಂದಾಜು ಇರಬೇಕು. ಪಲ್ಲವಿ ಹೆಚ್ಚಾಗಿ ನುಡಿಗಿಂತ ಮೇಲೇರುತ್ತದೆ. ನುಡಿಯಲ್ಲಿ ಸಲೀಸಾಗಿದ್ದ ಸೆಕೊಂದೊ ಪಲ್ಲವಿಗೆ ಬರುವಾಗ ಕಿರುಚಬೇಕಾಗುತ್ತದೆ, ದನಿ ಒಡೆಯುತ್ತದೆ. ಅಂಥ ಹೊತ್ತಿನಲ್ಲಿ ನಗುತ್ತ ನಿಲ್ಲಿಸಿ ಇಳಿಸಿ ಎತ್ತುವುದೇ ದಾರಿ, ಹಾಡುತ್ತ ಹಾಡುತ್ತ ಇಳಿಸಲು ಹೋದರೆ ಬಾಸ್ಸೊ ನೆಲಕ್ಕೆ ತಾಗುತ್ತದೆ. ಎರಡನೆಯ ತೊಂದರೆ ಅಕಾರ್ಡಿಯನ್. ಅದು ಬಂದ ಕೂಡಲೇ ಶ್ರುತಿ ವಾದ್ಯದ್ದಾಗುತ್ತದೆ, ತಾಳ ಗಟ್ಟಿಯಾಗುತ್ತದೆ, ಸಾಲಿನ ಕೊನೆಯ ಎಳೆತ ಕತ್ತರಿಸಿಹೋಗುತ್ತದೆ. ಕುಣಿಯಲು ಒಳ್ಳೆಯದು, ಈ ಹಾಡುಗಳಿಗೆ ಅಲ್ಲ. ಮೂರನೆಯದು ವೇದಿಕೆ. ತ್ರೆಂತೊದಲ್ಲಿ 1926ರಲ್ಲಿ ಶುರುವಾದ ಕೋರೊ ದೆಲ್ಲಾ ಸಾತ್ ಎಂಬ ಗಂಡಸರ ಗಾಯನವೃಂದ ಪರ್ವತಸೀಮೆಯ ಹಾಡುಗಳಿಗೆ ನಾಲ್ಕು ದನಿಯ ನಯವಾದ ಜೋಡಣೆ ಕೊಟ್ಟು ಹೆಸರು ಮಾಡಿತು. ಕೇಳಲು ಸೊಗಸು, ಅನುಮಾನವಿಲ್ಲ. ಆದರೆ ಆ ಜಾಡಿನಲ್ಲಿ ನಡೆದ ವೃಂದದಲ್ಲಿ ಮುಂದೆ ನಿಂತು ಕೈಯಾಡಿಸಿ ಹಾಡಿಸುವವರು ಬರುತ್ತಾರೆ, ಪ್ರಿಮೊನ ಉಸಿರಿಗೆ ಕಿವಿಗೊಡುವ ಅಭ್ಯಾಸ ಹೋಗುತ್ತದೆ. ಅಡುಗೆಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ಹಾಡುತ್ತಾರೆ. ವೇದಿಕೆಯ ಮೇಲೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಇನ್ನೊಂದು ಕೇಡು ಪಂಡಿತರಿಂದ ಆಗುವುದು. ‘ಮೆರಿಕಾ’ದ ಮೂರು ನುಡಿಗಳ ಕೊನೆಯ ಪದ ನೋಡಿ: ಅರ್ರಿವಾ, ರಿಪೊಸಾ, ಚಿತ್ತಾ. ತಲುಪಿದೆವು, ಒರಗಿದೆವು, ಪಟ್ಟಣ. ಮೂರಕ್ಕೂ ಕೊನೆಯಲ್ಲಿ ಒತ್ತಿ ಹಿಡಿಯುವ ಆಕಾರವಿದೆ, ಎಳೆಯಲು ಹೇಳಿಮಾಡಿಸಿದ ಸ್ವರ. ಶಿಷ್ಟ ಇಟಾಲಿಯನ್ ಕಲಿತವರಿಗೆ ‘ಅರ್ರಿವಾ’ ತಪ್ಪಾಗಿ ಕೇಳುತ್ತದೆ, ‘ಅರ್ರಿವಾತಿ’ ಆಗಬೇಕು, ‘ರಿಪೊಸಾತಿ’ ಆಗಬೇಕು. ತಿದ್ದಿದರೆ ಅಕ್ಷರ ಒಂದು ಹೆಚ್ಚಾಗುತ್ತದೆ, ಒತ್ತು ಹಿಂದಕ್ಕೆ ಸರಿಯುತ್ತದೆ, ಎಳೆಯಬೇಕಾದಲ್ಲಿ ಸಪ್ಪೆ ಇಕಾರ ಉಳಿಯುತ್ತದೆ. ‘ಚಿತ್ತಾ’ ಮಾತ್ರ ಶಿಷ್ಟದಲ್ಲೂ ಚಿತ್ತಾನೇ, ಅದನ್ನು ತಿದ್ದಲು ಬರುವುದಿಲ್ಲ. ಹೀಗೆ ಎರಡು ನುಡಿ ಒಂದು ಕಡೆ, ಮೂರನೆಯದು ಇನ್ನೊಂದು ಕಡೆ ಆಗಿ ಪ್ರಾಸ ಮುರಿಯುತ್ತದೆ. ಪಲ್ಲವಿಯ ‘ಸರಾಲೊ’ ಕೂಡ ಹಾಗೆಯೇ. ‘ಇರಬಹುದು’ ಎಂಬ ಕ್ರಿಯಾಪದದ ಬಾಲಕ್ಕೆ ‘ಅದು’ ಎಂಬ ಸರ್ವನಾಮ ಅಂಟಿಸಿ ಪ್ರಶ್ನೆ ಕೇಳುವ ರೀತಿ ಅದು. ವೆನೆತೊದ ವ್ಯಾಕರಣದಲ್ಲಿ ಉಂಟು, ಶಿಷ್ಟ ಇಟಾಲಿಯನ್‌ನಲ್ಲಿ ಇಲ್ಲ. ಅದನ್ನು ತೆಗೆದರೆ ಪ್ರಶ್ನೆಯ ಊರೇ ಹೋಯಿತು.

ಈ ಭಾಷೆ ಬಾಯಿಂದ ಹೊರಬೀಳಲು ಹೆದರಿದ ಕಾಲವೂ ಇತ್ತು. 1937ರಿಂದ 1945ರವರೆಗಿನ ವರ್ಗಾಸ್ ಸರ್ವಾಧಿಕಾರದಲ್ಲಿ ರಾಷ್ಟ್ರೀಕರಣದ ಹೆಸರಿನಲ್ಲಿ ವಲಸಿಗರ ಶಾಲೆಗಳು, ಪತ್ರಿಕೆಗಳು ಮುಚ್ಚಿದವು. 1942ರಲ್ಲಿ ಬ್ರೆಜಿಲ್ ಇಟಲಿ, ಜರ್ಮನಿಗಳ ವಿರುದ್ಧ ಯುದ್ಧಕ್ಕಿಳಿದ ಮೇಲೆ ಬೀದಿಯಲ್ಲಿ ಇಟಲಿಯ ಮಾತಾಡಿದರೆ ಜೈಲು ಸೇರುವ ಭಯ. ಪೋರ್ಚುಗೀಸ್ ಬಾರದ ಅಜ್ಜಿಯರು ಪೇಟೆಗೆ ಹೋದರೆ ಬಾಯಿ ಬಿಡುವ ಹಾಗಿರಲಿಲ್ಲ. ಆ ಪೀಳಿಗೆ ತಾಲಿಯಾನನ್ನು ಅಡುಗೆಮನೆಗೆ ಕಟ್ಟಿಹಾಕಿತು, ಮಕ್ಕಳಿಗೆ ಕಲಿಸಲು ಹಿಂಜರಿಯಿತು. ಮಾತು ಕುಗ್ಗಿದಲ್ಲೂ ಹಾಡು ಉಳಿಯಿತು, ಯಾಕೆಂದರೆ ಹಾಡಿಗೆ ಅರ್ಥ ಗೊತ್ತಿರಬೇಕೆಂಬ ಕಟ್ಟುಪಾಡಿಲ್ಲ. ಬ್ರೆಜಿಲ್‌ನ ಪರಂಪರೆ ಸಂಸ್ಥೆ ತಾಲಿಯಾನನ್ನು ದೇಶದ ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿದ್ದು 2014ರಲ್ಲಿ.

ಅಧಿಕೃತ ಗೀತೆಯಾದ ಮೇಲೆ ಸಮಾರಂಭಗಳಲ್ಲಿ ಎದ್ದುಕಾಣುವುದು ಮೂರನೇ ನುಡಿ, ಊರು ಕಟ್ಟಿದ ಹೆಮ್ಮೆಯದು. ನನ್ನ ಮೆಚ್ಚುಗೆ ಎರಡನೆಯದಕ್ಕೆ. ಮೂರನೆಯದರಲ್ಲಿ ಹೇಳದೆ ಬಿಟ್ಟ ವಿಷಯವೂ ಇದೆ. ಕಶಿಯಾಸ್ ಪಟ್ಟಣದ ಹಳೆಯ ಹೆಸರು ‘ಕಂಪೊ ದೊಸ್ ಬುಗ್ರಿಸ್’, ಬುಗ್ರಿಗಳ ಬಯಲು. ಅಲ್ಲಿ ಮೊದಲಿದ್ದ ಆದಿವಾಸಿಗಳನ್ನು ಕರೆಯುತ್ತಿದ್ದ ತುಚ್ಛ ಪದ ಅದು. ಉದ್ದಗಲದ ಆ ನಾಡು ಖಾಲಿ ಇರಲಿಲ್ಲ ಎಂಬುದನ್ನು ಹಾಡು ಹೇಳುವುದಿಲ್ಲ, ಊರಿನ ಹಳೆ ಹೆಸರು ಹೇಳುತ್ತದೆ.

ಹೊರಡುವ ಮುಂಚೆಯೇ ಜೇಬಿನಲ್ಲಿದ್ದ ಹಾಡುಗಳು ಬೇರೆ. ‘ಅಮ್ಮಾ, ನೂರು ಲೀರಾ ಕೊಡು, ಅಮೆರಿಕಾಗೆ ಹೋಗಬೇಕು’ ಎಂದು ಮಗಳು ಕೇಳುವ ಕಥನಗೀತೆ ಉತ್ತರ ಇಟಲಿಯ ಎಲ್ಲರಿಗೂ ಗೊತ್ತು. ನೂರು ಲೀರಾ ಬೇಕಾದರೆ ಕೊಟ್ಟೇನು, ಹೋಗಲು ಮಾತ್ರ ಬಿಡೆ ಎನ್ನುತ್ತಾಳೆ ತಾಯಿ. ಕಿಟಕಿಯಿಂದ ಅಣ್ಣತಮ್ಮಂದಿರು, ಹೋಗಲಿ ಬಿಡಮ್ಮಾ ಅನ್ನುತ್ತಾರೆ. ನಡುಗಡಲಲ್ಲಿ ಹಡಗು ಮುಳುಗುತ್ತದೆ. ಮುಳುಗುವವಳು ತನ್ನ ಗುಂಗುರು ಕೂದಲು ನೀರಿನಲ್ಲಿ ಕೊಳೆಯುವುದನ್ನು ಹಾಡುತ್ತಾಳೆ, ಅಣ್ಣತಮ್ಮಂದಿರ ಮಾತು ಕೈಕೊಟ್ಟಿತು, ಅಮ್ಮನ ಮಾತು ನಿಜವಾಯಿತು ಎನ್ನುತ್ತಾಳೆ. ಇದು ವಲಸೆಗೆಂದು ಹೊಸದಾಗಿ ಹುಟ್ಟಿದ ಹಾಡಲ್ಲ. ಕೊಸ್ತಾಂತಿನೊ ನೀಗ್ರಾ 1888ರಲ್ಲಿ ಪ್ರಕಟಿಸಿದ ಪಿಯೆಮೊಂತೆ ಸೀಮೆಯ ಜನಪದ ಗೀತೆಗಳ ಸಂಗ್ರಹದಲ್ಲಿ ತಾಯಿಯ ಶಾಪದ ಹಳೆಯ ಗೀತೆಯೊಂದಿದೆ. ಅಮ್ಮನ ಮಾತು ಮೀರಿ ಮದುವೆಯಾಗಿ ಹೋದವಳು ನೀರು ಪಾಲಾಗುವ ಕತೆ. ವಲಸೆ ಬಂದಾಗ ಜನ ಗಂಡನನ್ನು ತೆಗೆದು ಅಮೆರಿಕಾವನ್ನು ಅಲ್ಲಿ ಕೂರಿಸಿದರು, ಅಷ್ಟೇ. ಶಾಪ ಇದ್ದಲ್ಲೇ ಇದೆ.

ನಿಜವಾದ ಹಡಗು ಮುಳುಗಿದಾಗ ಹುಟ್ಟಿದ ಹಾಡು ‘ಸೀರಿಯೊ’. ಜೆನೊವಾದಿಂದ ದಕ್ಷಿಣ ಅಮೆರಿಕಾಗೆ ಹೊರಟ ಸೀರಿಯೊ ಎಂಬ ಹಡಗು 1906ರ ಆಗಸ್ಟ್ 4ರಂದು ಸ್ಪೇನ್‌ನ ಪಾಲೊಸ್ ಭೂಶಿರದ ಬಳಿ ಬಂಡೆಗೆ ಬಡಿಯಿತು. ನೂರಾರು ಜನ ಸತ್ತರು. ಹಾಡಿನಲ್ಲಿ ಬಂಡೆಯಿದೆ, ಮಕ್ಕಳನ್ನು ಅವುಚಿಕೊಂಡ ತಂದೆತಾಯಿ ಇದ್ದಾರೆ, ಎಲ್ಲರನ್ನೂ ಹರಸುತ್ತ ನಿಂತ ಬಿಷಪ್ ಇದ್ದಾರೆ. ಬಿಷಪ್ ಕಟ್ಟುಕತೆಯಲ್ಲ, ಸಾವೊ ಪೌಲೊದ ಬಿಷಪ್ ಆ ಹಡಗಿನಲ್ಲೇ ತೀರಿಕೊಂಡರು. ಇಂಥ ಹಾಡುಗಳನ್ನು ಊರೂರಿಗೆ ಮುಟ್ಟಿಸುತ್ತಿದ್ದವರು ‘ಕಂತಸ್ತೋರಿಯೆ’ ಎಂಬ ಕತೆಹಾಡುಗಾರರು. ಸಂತೆಯಲ್ಲಿ ಚೌಕಚೌಕವಾಗಿ ಚಿತ್ರ ಬರೆದ ಬಟ್ಟೆ ತೂಗುಹಾಕಿ, ಕೋಲಿನಿಂದ ಒಂದೊಂದೇ ಚೌಕ ತೋರಿಸುತ್ತ ಹಾಡಿ, ಕೊನೆಗೆ ಹಾಡಿನ ಮುದ್ರಿತ ಹಾಳೆ ಮಾರುತ್ತಿದ್ದರು. ಹೊಟ್ಟೆಪಾಡು ನಡೆಯುತ್ತಿದ್ದದ್ದು ಹಾಳೆಯ ಮೇಲೆ. ಮಡಚಿ ಜೇಬಿಗೆ ಹಾಕಿಕೊಂಡರೆ ಕಡಲು ದಾಟಿತು.

ಇನ್ನು ದಕ್ಷಿಣ ಇಟಲಿಯವರ ಕಡೆಗೆ. ನೇಪಲ್ಸ್, ಕಲಾಬ್ರಿಯಾ, ಸಿಸಿಲಿಯವರು ಹೆಚ್ಚಾಗಿ ಹೋದದ್ದು ನ್ಯೂಯಾರ್ಕಿಗೆ. ಇವರ ಹಾಡಿಕೆಯೇ ಬೇರೆ: ಒಂಟಿ ದನಿ, ಎತ್ತರದ ಶ್ರುತಿ, ಗಂಟಲು ಬಿಗಿಹಿಡಿದು ಕುತ್ತಿಗೆಯ ನರ ಉಬ್ಬುವಂಥ ಹಾಡಿಕೆ. 1954–55ರಲ್ಲಿ ದಿಯೆಗೊ ಕಾರ್ಪಿತೆಲ್ಲಾ ಜೊತೆ ಇಟಲಿಯುದ್ದಕ್ಕೂ ಧ್ವನಿಮುದ್ರಣ ಮಾಡಿದ ಅಮೆರಿಕಾದ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮಾಕ್ಸ್ ಈ ವ್ಯತ್ಯಾಸಕ್ಕೆ ಬಹಳ ತೂಕ ಕೊಟ್ಟರು: ಉತ್ತರದಲ್ಲಿ ದನಿಗಳು ಬೆರೆಯುತ್ತವೆ, ದಕ್ಷಿಣದಲ್ಲಿ ಒಂದೇ ದನಿ ಸೀಳಿಕೊಂಡು ಹೋಗುತ್ತದೆ. ಅವರ ಮಗಳು ಆನಾ ಲೋಮಾಕ್ಸ್ ಕೈರೆಟಾಕಿಸ್ ನ್ಯೂಯಾರ್ಕ್, ನ್ಯೂಜೆರ್ಸಿ, ರೋಡ್ ಐಲೆಂಡ್‌ಗಳ ವಲಸಿಗರಿಂದ ಸಂಗ್ರಹಿಸಿದ ಹಾಡುಗಳು 1979ರಲ್ಲಿ ಫೋಕ್‌ವೇಸ್ ಎಂಬ ಕಂಪನಿಯ ಎರಡು ಧ್ವನಿಮುದ್ರಿಕೆ ತಟ್ಟೆಗಳಾಗಿ ಬಂದವು. ಅವನ್ನು ಕೇಳುವಾಗ ಪದದ ಅರ್ಥಕ್ಕೆ ಹೋಗದೆ ದನಿ ಎಲ್ಲಿಂದ ಹೊರಡುತ್ತದೆ ಎಂಬುದಕ್ಕೆ ಮೊದಲು ಕಿವಿಕೊಡಿ. ಊರು ಇರುವುದು ಅಲ್ಲಿ.

ಆದರೆ ‘ಇಟಾಲಿಯನ್ ಹಾಡು’ ಎಂದು ಲೋಕಕ್ಕೆಲ್ಲ ಪರಿಚಯವಾದದ್ದು ಇದಲ್ಲ, ನೇಪಲ್ಸಿನ ಪ್ರಕಾಶಕರು ಹೊರತಂದ ಹಾಡು. ಹಂಬಲದ ಪ್ರಶ್ನೆಗೆ ನಾನು ಹೇಳಿದ ತಿರುವುಮುರುವು ಇಲ್ಲಿದೆ. ಹಡಗಿನಿಂದ ದೂರ ಸರಿಯುವ ನೇಪಲ್ಸಿನ ತೀರವನ್ನು ಹಾಡುವ ‘ಸಾಂತಾ ಲುಚಿಯಾ ಲುಂತಾನಾ’ 1919ರದು. ಬರೆದ ಇ. ಎ. ಮಾರಿಯೊ ನೇಪಲ್ಸಿನ ಅಂಚೆ ನೌಕರ. ಅಮೆರಿಕಾದಲ್ಲಿರುವ ಮಗ ಅಮ್ಮನಿಗೆ ಕ್ರಿಸ್‌ಮಸ್ ಕಾಗದ ಬರೆಯುವ ‘ಲಾಕ್ರೆಮೆ ನಪುಲಿತಾನೆ’ 1925ರದು. ಹಬ್ಬದ ಹಿಂದಿನ ರಾತ್ರಿ ನನ್ನ ತಟ್ಟೆಯನ್ನೂ ಹಾಕಿಡಿ, ನಾನೂ ನಿಮ್ಮ ನಡುವೆ ಕೂತಿದ್ದೇನೆ ಎಂದುಕೊಳ್ಳಿ ಎನ್ನುತ್ತಾನೆ ಅವನು. ಅದನ್ನು ಬರೆದ ಲಿಬೆರೊ ಬೊವಿಯೊ ಕೂಡ ನೇಪಲ್ಸಿನ ಕವಿ. ಅಂದರೆ ಹೋದವರ ಕಣ್ಣೀರನ್ನು ಬರೆದವರು ದಡದಲ್ಲಿ ನಿಂತವರು. ಅದೇ ‘ಕೋರೆ ಙ್ರಾತೊ’ ಹಾಡನ್ನು 1911ರಲ್ಲಿ ಅಮೆರಿಕಾದಲ್ಲೇ ನೆಲೆಸಿದ್ದ ಇಬ್ಬರು ಕಟ್ಟಿದರು: ಪದ ರಿಕ್ಕಾರ್ದೊ ಕೊರ್ದಿಫೆರ್ರೊ ಎಂಬ ಕಾವ್ಯನಾಮದ ಅಲೆಸ್ಸಾಂದ್ರೊ ಸಿಸ್ಕಾರದು, ಸಂಗೀತ ಸಾಲ್ವತೋರೆ ಕಾರ್ದಿಲ್ಲೊರದು. ಅದರಲ್ಲಿ ಅಮೆರಿಕಾ ಇಲ್ಲ, ಕಡಲಿಲ್ಲ, ಅಮ್ಮ ಇಲ್ಲ. ಕತಾರಿ ಎಂಬ ಹುಡುಗಿ ಕೈಕೊಟ್ಟಳೆಂಬ ಗೋಳು, ಅಷ್ಟೇ. ದಡದ ಕಣ್ಣೀರನ್ನು ವಲಸಿಗರು ಕೊಂಡು ಕೇಳಿದರು, ತಮ್ಮದೇ ಎಂದು ಹಾಡಿಕೊಂಡರು, ಅದು ಸುಳ್ಳಲ್ಲ. ಆದರೆ ಅವರೇ ಬಾಯಿತೆರೆದಾಗ ಬಂದದ್ದು ಹೆಚ್ಚಾಗಿ ಹಾಸಿಗೆ, ಕೂಲಿ, ಹುಡುಗಿ ಮತ್ತು ತಮಾಷೆ.

ತಮಾಷೆಯ ರಾಜ ಎದುವಾರ್ದೊ ಮಿಲ್ಯಾಚ್ಚೊ, ರಂಗದ ಹೆಸರು ಫರ್ಫರಿಯೆಲ್ಲೊ. ನ್ಯೂಯಾರ್ಕಿನ ಮಲ್ಬರಿ ಸ್ಟ್ರೀಟಿನ ಬ್ಯಾಂಕೊಂದರಲ್ಲಿ ಓದುಬರಹ ಬಾರದ ಕೂಲಿಗಳ ಪರವಾಗಿ ಊರಿಗೆ ಕಾಗದ ಬರೆದುಕೊಡುವ ಕೆಲಸ ಅವರದಾಗಿತ್ತು. ಯಾವ ಊರಿನವನು ಹೇಗೆ ಮಾತಾಡುತ್ತಾನೆಂಬುದು ಅಲ್ಲೇ ಕಿವಿಗೆ ಇಳಿಯಿತು. ಅವರ ‘ಮಕ್ಕಿಯೆತ್ತಾ’ ಎಂಬ ಕಿರುವೇಷದಲ್ಲಿ ಮೊದಲು ಹಾಡು, ನಡುವೆ ಮಾತು, ಮತ್ತೆ ಹಾಡು. ವೇಷ ಬದಲಿಸಿ ಇನ್ನೊಬ್ಬನಾಗಿ ಬರುವುದು. ಭಾಷೆ ವಲಸಿಗರದೇ: ಜಾಬ್ ‘ಜೊಬ್ಬಾ’ ಆಗಿತ್ತು, ಬಾಸ್ ‘ಬೊಸ್ಸೊ’, ಸ್ಟೋರ್ ‘ಸ್ತೊರೊ’, ಬ್ರೂಕ್ಲಿನ್ ‘ಬ್ರುಕ್ಕೊಲಿನೊ’. ಬಸ್ಸು, ಕಾರು, ಬ್ಯಾಂಕು ಎಂದು ಉಕಾರ ಹಚ್ಚಿಕೊಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಹಿತ್ತಲ ಕಕ್ಕಸಿಗೆ ಇಂಗ್ಲಿಷಿನಲ್ಲಿ ಅನ್ನುತ್ತಿದ್ದ ಬ್ಯಾಕ್‌ಹೌಸ್ ಇವರಲ್ಲಿ ‘ಬಕ್ಕೌಸಾ’ ಆಗಿ, ಕಕ್ಕಸು ಮನೆಯೊಳಗೆ ಬಂದ ಮೇಲೂ ಅದೇ ಹೆಸರು ಉಳಿಯಿತು.

ಗ್ರಾಮಫೋನ್ ಒಂದು ಬಗೆಯಲ್ಲಿ ಕಾಪಾಡಿತು, ಇನ್ನೊಂದು ಬಗೆಯಲ್ಲಿ ಕತ್ತರಿಸಿತು. 78 ವೇಗದ ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುವುದು ಸುಮಾರು ಮೂರು ನಿಮಿಷ. ಇಪ್ಪತ್ತು ನುಡಿಯ ಕಥನಗೀತೆ ಅದರಲ್ಲಿ ಕೂರುವುದಿಲ್ಲ. ತಟ್ಟೆಯಲ್ಲಿ ಬಂದ ಮೂರೋ ನಾಲ್ಕೋ ನುಡಿಯೇ ಮುಂದಿನವರಿಗೆ ಪೂರ್ತಿ ಹಾಡಾಯಿತು. ಅದರ ಮೇಲೆ ಕಾನೂನು. 1907ರಲ್ಲಿ 2,80,000ಕ್ಕೂ ಹೆಚ್ಚು ಇಟಲಿಯವರು ಅಮೆರಿಕಾ ಸೇರಿದ್ದರು. 1924ರ ವಲಸೆ ಕಾಯಿದೆ ಇಟಲಿಗೆ ವರ್ಷಕ್ಕೆ 3,845 ಎಂದು ಗೆರೆ ಎಳೆಯಿತು. ಹೊಸ ಬಾಯಿಗಳು ಬರುವುದು ನಿಂತಿತು. ನ್ಯೂಯಾರ್ಕಿನ ನೇಪಲ್ಸ್ 1920ರ ಆಸುಪಾಸಿನಲ್ಲೇ ಗಡಿಯಾರ ನಿಲ್ಲಿಸಿಕೊಂಡಿತು. ಯುದ್ಧದ ಹೊತ್ತಿಗೆ ಅಲ್ಲೂ ‘ಶತ್ರುವಿನ ಭಾಷೆ ಆಡಬೇಡಿ’ ಎಂಬ ಭಿತ್ತಿಪತ್ರ. ಯುದ್ಧ ಮುಗಿದ ಮೇಲೆ ಬೆಳೆದವರಿಗೆ ಸಿಸಿಲಿಯ ಚಂದಿರನ ಹಾಡು ತಲುಪಿದ್ದು 1958ರಲ್ಲಿ ಲೂ ಮಾಂಟೆ ಎಂಬ ಹಾಡುಗಾರ ಅರ್ಧ ಇಂಗ್ಲಿಷಿಗೆ ಹೊರಳಿಸಿದ ‘ಲೇಜಿ ಮೇರಿ’ಯಾಗಿ. ಯಾರಿಗೆ ಮದುವೆ ಮಾಡಿಕೊಡಲಿ ಎಂದು ತಾಯಿ ಮಗಳನ್ನು ಕೇಳುವ ಪೋಲಿ ಹಾಡು ಅದು. ಮದುವೆಮನೆಗಳಲ್ಲಿ ಅಜ್ಜಿಯರು ಯಾವ ಸಾಲಿಗೆ ನಗುತ್ತಾರೋ ಆ ಸಾಲಿನಲ್ಲಿ ಪೋಲಿತನವಿದೆ ಎಂದು ತಿಳಿಯಬೇಕು.

ಪದ ಮರೆತರೂ ಹಾಡು ಕೆಲಸ ನಿಲ್ಲಿಸದ ಜಾಗವೆಂದರೆ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್. ನೇಪಲ್ಸ್ ಹತ್ತಿರದ ನೋಲಾದಿಂದ ಬಂದವರು 1903ರಿಂದ ಅಲ್ಲಿ ‘ಜಿಲ್ಯೊ’ ಎತ್ತುತ್ತಿದ್ದಾರೆ. ಜಿಲ್ಯೊ ಅಂದರೆ ಲಿಲಿ ಹೂವು. ಇದು ಚಕ್ರವಿಲ್ಲದ ತೇರು, ಹೆಗಲ ಮೇಲೆಯೇ ಹೋಗಬೇಕು. ಎತ್ತರ 80 ಅಡಿಯ ಆಸುಪಾಸು, ತೂಕ ನಾಲ್ಕು ಟನ್ನಿನಷ್ಟು, ಹೊರುವವರು ನೂರಕ್ಕೂ ಮೇಲೆ. ಸಾಲದ್ದಕ್ಕೆ ತೇರಿನ ಪೀಠದ ಮೇಲೆ ಬ್ಯಾಂಡಿನವರು ಮತ್ತು ಹಾಡುಗಾರ ವಾದ್ಯ ಸಮೇತ ಕೂತಿರುತ್ತಾರೆ. ಅವರ ಭಾರವೂ ಹೆಗಲಿನದೇ.

ಅವರು ಕೆಳಗಿಳಿದು ನುಡಿಸಬಾರದೇ ಎಂದು ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ, ಯಾಕೆಂದರೆ ಸಂಗೀತ ಇಲ್ಲಿ ಅಲಂಕಾರವಲ್ಲ, ಹಗ್ಗ. ಮುಂದೆ ನಿಂತ ‘ಕಾಪೊ’, ಅಂದರೆ ಮೇಸ್ತ್ರಿ, ಕೋಲು ಎತ್ತಿ ‘ಮೂಸಿಕಾ!’ ಎಂದು ಕೂಗುತ್ತಾನೆ. ಬ್ಯಾಂಡು ಶುರು. ಹೊರುವವರು ತೊಲೆಗಳ ಕೆಳಗೆ ಮಂಡಿ ಬಗ್ಗಿಸಿ ಕಾಯುತ್ತಾರೆ. ಹಾಡಿನ ಗೊತ್ತಾದ ಜಾಗ ಬಂದಾಗ ನೂರು ಮಂಡಿಗಳು ಒಟ್ಟಿಗೆ ನೆಟ್ಟಗಾಗಬೇಕು. ಒಂದು ಮೂಲೆ ಅರ್ಧ ತಾಳ ತಡವಾದರೆ ಎತ್ತರದ ತುದಿ ಆ ಕಡೆಗೆ ಓಲುತ್ತದೆ, ಆ ಮೂಲೆಯ ಹೆಗಲಿಗೆ ಹೇಳದೆ ಕೇಳದೆ ಭಾರ ಬೀಳುತ್ತದೆ. ಒಳಗೆ ಇರುವವನಿಗೆ ಕಾಪೊ ಕಾಣುವುದಿಲ್ಲ, ಕೇಳುವುದು ತಲೆಯ ಮೇಲಿನ ಕಹಳೆ ಮಾತ್ರ. ಇಳಿಸುವುದೂ ಹಾಗೆಯೇ, ಕೊನೆಯ ಸ್ವರಕ್ಕೆ ಸರಿಯಾಗಿ ಧಡ್ ಎಂದು ನೆಲಕ್ಕೆ. ಹಾಡುಗಾರ ಉತ್ಸಾಹದಲ್ಲಿ ಕೊನೆಯ ಸಾಲನ್ನು ಇನ್ನೊಮ್ಮೆ ಎಳೆದರೆ ಅಷ್ಟು ಹೊತ್ತೂ ಹೆಗಲು ಹೊರಬೇಕು.

ನೋಲಾದಲ್ಲಿ ಜೂನ್ 22ರ ಸಂತ ಪೌಲಿನೊನ ಹಬ್ಬಕ್ಕೆ ಎಂಟು ಜಿಲ್ಯೊ, ಜೊತೆಗೊಂದು ದೋಣಿ. ವರ್ಷವರ್ಷವೂ ಹೊಸ ಹಾಡು ಕಟ್ಟುತ್ತಾರೆ. ಬ್ರೂಕ್ಲಿನ್‌ನವರು ಜುಲೈಯಲ್ಲಿ ಮಾಡುತ್ತಾರೆ, ಗೊತ್ತಿರುವ ಹಳೆಯ ಹಾಡನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಾಪೊನ ಆಜ್ಞೆಗಳು ಈಗಲೂ ನೇಪಲ್ಸಿನ ನುಡಿಯಲ್ಲೇ ಇವೆ, ಕೆಳಗಿರುವ ಎಷ್ಟೋ ಜನ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾರರು. ಮಕ್ಕಳಿಗೆಂದೇ ಚಿಕ್ಕದೊಂದು ಜಿಲ್ಯೊ ಇದೆ. ಅದಕ್ಕೂ ಬ್ಯಾಂಡು ಉಂಟು, ಅದಕ್ಕೂ ಕೋಲು ಹಿಡಿದ ಕಾಪೊ ಉಂಟು. ಯಾವ ಪದಕ್ಕೆ ಮಂಡಿ ಬಗ್ಗಿಸಬೇಕು, ಯಾವ ಸ್ವರಕ್ಕೆ ಏಳಬೇಕು ಎಂಬುದನ್ನು ಅವರು ಕಲಿಯುವುದು ಅದರ ತೊಲೆಯ ಕೆಳಗೆ.